ಶಂಖ ಒಡೆದದ್ದು ಯಾವಾಗ?

ಹಾಸನದ ಓದುಗ: ನಮ್ಮ ಓದುಬಳಗದಲ್ಲಿ ಈ ವಾರ ಗೋಲ್ಡಿಂಗ್‌ನ ಕಾದಂಬರಿ ‘ಲಾರ್ಡ್ ಆಫ್ ದಿ ಫ್ಲೈಸ್’ (1954), ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರ ಕಥೆ. ಸಭೆಯಲ್ಲಿ ಹಿಡಿದವರಿಗೆ ಮಾತಿನ ಹಕ್ಕು ಕೊಡುವ ಶಂಖ ಶಿಸ್ತು, ಕೋಲಿಗೆ ಚುಚ್ಚಿಟ್ಟ ಹಂದಿತಲೆ ಕ್ರೌರ್ಯ ಅಂದರೆ ಸಾಕೇ?

ಸಕಲೇಶಪುರ: ಸಾಲದು. ಶಂಖ ಚೂರಾಗುವುದು 11ನೇ ಅಧ್ಯಾಯದಲ್ಲಿ, ಕನ್ನಡಕದ ಹುಡುಗ ಪಿಗ್ಗಿಯ ಸಾವಿನೊಂದಿಗೆ. ಆದರೆ ಬೆಟ್ಟದ ಮೇಲೆ ಅದಕ್ಕೆ ಬೆಲೆಯಿಲ್ಲವೆಂದು ಬೇಟೆಗಾರ ಹುಡುಗರ ಮುಂದಾಳು ಜ್ಯಾಕ್ 2ರಲ್ಲೇ ಹೇಳಿಬಿಡುತ್ತಾನೆ. ಬಿರುಕನ್ನು ಅಲ್ಲಿಂದ ಹಿಡಿಯಿರಿ. ಹುಡುಗರು ಬಿಸಿಲಿನಿಂದ ಬೆಂಕಿ ಹೊತ್ತಿಸುವ ಪಿಗ್ಗಿಯ ಕನ್ನಡಕವನ್ನೂ ಬಿಡಬೇಡಿ: 4ರಲ್ಲಿ ಒಂದು ಗಾಜು ಒಡೆಯುತ್ತದೆ, 10ರಲ್ಲಿ ಇಡೀ ಕನ್ನಡಕವೇ ಕಳವು. ಕದಿಯಲು ಬಂದವರು ಶಂಖವನ್ನು ಮುಟ್ಟುವುದೂ ಇಲ್ಲ. ನನಗಂತೂ ಕಾದಂಬರಿಯ ತಿರುಳೇ ಅದು.

ಮೂಡಿಗೆರೆ: ಪಿಗ್ಗಿಗೆ ಸಮೀಪದೃಷ್ಟಿ, ದೂರದ್ದು ಸರಿಯಾಗಿ ಕಾಣದು. ಅದಕ್ಕೆ ಹಾಕುವ ನಿಮ್ನ ಮಸೂರ (ನಡುವೆ ತೆಳುವಾದ ಗಾಜು) ಬಿಸಿಲನ್ನು ಚದುರಿಸುತ್ತದೆ, ಬೆಂಕಿ ಹೊತ್ತಿಸದು. ಲೇಖಕರ ತಪ್ಪು, ಸಂಕೇತಕ್ಕೆ ಧಕ್ಕೆಯಿಲ್ಲ. ಹಂದಿತಲೆಗಿಂತ ಅದನ್ನು ಹೊತ್ತ ಕೋಲು ನೋಡಿ, ಎರಡೂ ತುದಿ ಚೂಪು. 12ರಲ್ಲಿ ಅಂಥದ್ದೇ ಕೋಲು, ಹುಡುಗರು ಮೊದಲು ನಾಯಕನಾಗಿ ಆರಿಸಿದ ರಾಲ್ಫ್‌ಗಾಗಿ ಸಿದ್ಧವಾಗುತ್ತದೆ.

ಹಾಸನದ ಓದುಗ: ಕೋಲಿನಿಂದಲೇ ಶುರು ಮಾಡುತ್ತೇನೆ.