"ಲಿಸ್ಟ್ ಆಫ್ ಮೆಂಬರ್ಸ್" ಆದ ಮೇಲೆ ಈಸ್ ಬರಬೇಕಾ, ಆರ್ ಬರಬೇಕಾ?

ಸಂಘದ ಕ್ಲರ್ಕ್, ತುಮಕೂರು:
ನಮಸ್ಕಾರ. ನಾನು ಒಂದು ಸಹಕಾರ ಸಂಘದಲ್ಲಿ ಕ್ಲರ್ಕ್. ಓದಿದ್ದು ಕನ್ನಡ ಮೀಡಿಯಂ. ನಮ್ಮ ಪತ್ರಗಳೆಲ್ಲ ಕನ್ನಡದಲ್ಲೇ, ಬ್ಯಾಂಕಿಗೆ ಹೋಗುವುದು ಮಾತ್ರ ಇಂಗ್ಲಿಷ್. ಮೊನ್ನೆ "ದಿ ಲಿಸ್ಟ್ ಆಫ್ ಮೆಂಬರ್ಸ್ ಆರ್ ಅಟ್ಯಾಚ್ಡ್" ಅಂತ ಟೈಪ್ ಮಾಡಿ ಸಹಿಗೆ ಇಟ್ಟೆ. ಸಾಹೇಬರು "ಆರ್" ಸುತ್ತ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ, ಏನೂ ಹೇಳದೆ ವಾಪಸ್ ಕಳಿಸಿದರು. ಬೇಜಾರಾಯಿತು. ಮೆಂಬರ್ಸ್ 84 ಜನ ಇದ್ದಾರೆ, ಬಹುವಚನ ಅಲ್ವಾ? ಒಂದಕ್ಕೆ ಈಸ್, ಜಾಸ್ತಿ ಇದ್ದರೆ ಆರ್ ಅನ್ನೋದು ನನಗೂ ಗೊತ್ತು. ಆದರೂ ಇಂಥ ಕಡೆಯೇ ಎಡವುತ್ತೇನೆ. ಸುಮ್ನೆ ಉತ್ತರ ಬೇಡ, ಯಾಕೆ ಅಂತ ತಿಳಿಸಿಕೊಡಿ.

ಅಡಿಕೆ ತೋಟ:
ಈಸ್. ಲಗತ್ತಿಸಿರುವುದು ಪಟ್ಟಿ. ಪಟ್ಟಿ ಒಂದೇ.

ಹೈಸ್ಕೂಲ್ ಇಂಗ್ಲಿಷ್ ಟೀಚರ್:
ಮೇಡಂ, ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಇದೇ ಜಾಗದಲ್ಲಿ ಎಡವುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ.

ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. "ಸದಸ್ಯರ ಪಟ್ಟಿ ಇದೆ." ಯಾರಾದರೂ "ಸದಸ್ಯರ ಪಟ್ಟಿ ಇದ್ದಾರೆ" ಅಂತಾರಾ? ಒಂದನೇ ಕ್ಲಾಸಿನ ಮಗುವೂ ಅನ್ನುವುದಿಲ್ಲ. ನಮ್ಮಲ್ಲಿ "ಸದಸ್ಯರ" ಮೊದಲೇ ಬಂದು ಹೋಗುತ್ತದೆ, "ಪಟ್ಟಿ" ಕ್ರಿಯಾಪದದ ಪಕ್ಕದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಇದು ಉಲ್ಟಾ. "ಲಿಸ್ಟ್" ಮೊದಲು ಬರುತ್ತದೆ, ಅದಕ್ಕೂ ಕ್ರಿಯಾಪದಕ್ಕೂ ನಡುವೆ "ಮೆಂಬರ್ಸ್" ಬಂದು ಕೂರುತ್ತದೆ. ಕಿವಿಯಲ್ಲಿ ಆಗಷ್ಟೇ ಉಳಿದದ್ದು "ಮೆಂಬರ್ಸ್", ಹಾಗಾಗಿ ಕೈ "ಆರ್" ಬರೆದುಬಿಡುತ್ತದೆ.

ನಾನು ಮಕ್ಕಳಿಗೆ ಹೇಳುವುದು ಇಷ್ಟೇ: "ಆಫ್"ನಿಂದ ಶುರುವಾಗುವ ತುಂಡನ್ನು ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿ. "ದಿ ಲಿಸ್ಟ್ ಈಸ್ ಅಟ್ಯಾಚ್ಡ್" ಉಳಿಯುತ್ತದೆ. ಒಂದು ಕಡೆ ಮಾತ್ರ ಹುಷಾರು. "ದಿ ನಂಬರ್ ಆಫ್ ಮೆಂಬರ್ಸ್ ಈಸ್ 84" ಸರಿ, ಅಲ್ಲಿ ಮಾತು ಸಂಖ್ಯೆಯದು. ಆದರೆ "ಎ ನಂಬರ್ ಆಫ್ ಮೆಂಬರ್ಸ್ ಆರ್ ಆಬ್ಸೆಂಟ್". ಇಲ್ಲಿ "ಎ ನಂಬರ್ ಆಫ್" ಅಂದರೆ "ಹಲವು" ಅಷ್ಟೇ.

ಕನ್ನಡವನ್ನೇ ನಂಬಿ ಕೂರಬೇಡಿ. "ಪ್ರತಿಯೊಬ್ಬರೂ ಬಂದಿದ್ದಾರೆ" ಅಂತೀವಲ್ಲ, ಅದೇ ರೂಢಿಯಲ್ಲಿ ಮಕ್ಕಳು "ಎವ್ರಿಒನ್ ಹ್ಯಾವ್ ಕಮ್" ಬರೆಯುತ್ತಾರೆ. ಅಲ್ಲಿ "ಹ್ಯಾಸ್" ಬೇಕು. ನೋಟ್‌ಬುಕ್ಕುಗಳಲ್ಲಿ ನಾನು ಅತಿ ಹೆಚ್ಚು ತಿದ್ದುವ ತಪ್ಪು ಇದೇ.

ಲಂಡನ್ ಕನ್ನಡಿಗ:
ಟೀಚರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಇಲ್ಲಿ "ದಿ ಟೀಮ್ ಆರ್ ಪ್ಲೇಯಿಂಗ್ ವೆಲ್" ಅಂತ ದಿನಾ ಕೇಳುತ್ತೇನೆ. ಆಟಗಾರರನ್ನು ನೆನೆದು ಬಹುವಚನ ಹಾಕುತ್ತಾರೆ. ಅಮೆರಿಕದವರು ಸಾಮಾನ್ಯವಾಗಿ "ಈಸ್" ಅಂತಾರೆ.

ಹೈಸ್ಕೂಲ್ ಇಂಗ್ಲಿಷ್ ಟೀಚರ್:
ಹೌದು. ಆದರೆ "ಲಿಸ್ಟ್"ಗೆ ಆ ಸವಲತ್ತು ಇಲ್ಲ. ಟೀಮ್, ಕಮಿಟಿ ಅಂದರೆ ಜನ. ಪಟ್ಟಿ ಅಂದರೆ ಕಾಗದ. ಮೇಡಂ, ನಿಮ್ಮ ಪತ್ರದಲ್ಲಿ "ಕಮಿಟಿ" ಬಂದರೆ "ಹ್ಯಾಸ್" ಹಾಕಿ. ಮೇಲೊಂದು ಕಡೆ "ಹ್ಯಾಸ್", ಕೆಳಗೊಂದು ಕಡೆ "ಹ್ಯಾವ್" ಮಾತ್ರ ಬೇಡ.

ಸಂಘದ ಕ್ಲರ್ಕ್, ತುಮಕೂರು:
ತುಂಬಾ ಥ್ಯಾಂಕ್ಸ್ ಸರ್. ಇವತ್ತು ಇನ್ನೊಂದು ಪತ್ರ ಇತ್ತು. "ಸದಸ್ಯರಲ್ಲಿ ಒಬ್ಬರು ಸಹಿ ಹಾಕಿಲ್ಲ" ಅಂತ ಬರೆಯಬೇಕಿತ್ತು. ಕನ್ನಡದಲ್ಲಿ ಹೇಳಿ ನೋಡಿದೆ, ಸುಳಿವೇ ಸಿಗಲಿಲ್ಲ. ಅವನು ಹಾಕಿಲ್ಲ, ಅವಳು ಹಾಕಿಲ್ಲ, ಅವರು ಹಾಕಿಲ್ಲ, ಎಲ್ಲಕ್ಕೂ ಒಂದೇ "ಇಲ್ಲ"! ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಆಮೇಲೆ ಪೆನ್ಸಿಲ್ ತಗೊಂಡು "ಆಫ್ ದಿ ಮೆಂಬರ್ಸ್" ಹೊಡೆದೆ. "ಒನ್ ಹ್ಯಾಸ್ ನಾಟ್ ಸೈನ್ಡ್" ಉಳಿಯಿತು. "ಒನ್ ಆಫ್ ದಿ ಮೆಂಬರ್ಸ್ ಹ್ಯಾಸ್ ನಾಟ್ ಸೈನ್ಡ್" ಅಂತ ಟೈಪ್ ಮಾಡಿದ್ದೇನೆ. ಸರಿನಾ?

ಹೈಸ್ಕೂಲ್ ಇಂಗ್ಲಿಷ್ ಟೀಚರ್:
ಸರಿಯಾಗಿದೆ. ಸಹಿಗೆ ಕಳಿಸಿ.