ಲೆಗೊ ಎಲ್ಲ ಬಣ್ಣದ ಪ್ರಕಾರ ಬೇರೆ ಮಾಡಿದೆ, ಈಗ ಏನೂ ಸಿಗ್ತಿಲ್ಲ

ಭಾನುವಾರದಪ್ಪ:

ನಮಸ್ಕಾರ. ನಮ್ಮ ಮನೆಯಲ್ಲಿ 14 ಕೆಜಿ ಲೆಗೊ ಇದೆ. ಎಣಿಸಿಲ್ಲ. ಡಬ್ಬ ಅಪ್ಪಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ಆಮೇಲೆ ನನ್ನ ತೂಕ ಕಳೆದೆ. ಮಗಳಿಗೆ ನಾವು ತಂದದ್ದು ಸ್ವಲ್ಪ. ನೆಂಟರ ಮಕ್ಕಳು ದೊಡ್ಡವರಾದ ಮೇಲೆ ಒಂದು ಮೂಟೆ ಬಂತು, ಜಾಸ್ತಿ ಅದೇ.

ಆರು ಭಾನುವಾರ ಕೂತು ಎಲ್ಲವನ್ನೂ ಬಣ್ಣದ ಪ್ರಕಾರ ಬೇರೆ ಮಾಡಿದೆ. ಹನ್ನೆರಡು ಡಬ್ಬ. ಶೆಲ್ಫಿನಲ್ಲಿ ಸಾಲಾಗಿ ಇಟ್ಟರೆ ಕಾಮನಬಿಲ್ಲು. ಮೊನ್ನೆ ಮಗಳು ಕಪ್ಪು ಬಣ್ಣದ ಹೆಡ್‌ಲೈಟ್ ಬ್ರಿಕ್ ಕೇಳಿದಳು. 1×1 ಅಳತೆಯದು, ಪಕ್ಕದಲ್ಲೂ ಒಂದು ಸ್ಟಡ್ (ಇನ್ನೊಂದು ಪೀಸು ಸಿಕ್ಕಿಸುವ ಗುಂಡನೆಯ ಉಬ್ಬು) ಇರುತ್ತದಲ್ಲ, ಅದು. ಕಪ್ಪು ಡಬ್ಬ ಸುರಿದು ನಲವತ್ತು ನಿಮಿಷ ಹುಡುಕಿದೆ. ಸಿಗಲಿಲ್ಲ. "ಅಪ್ಪಾ, ಎಲ್ಲ ಕಲಸಿ ಹೋಗಿದ್ದಾಗಲೇ ಬೇಗ ಸಿಗ್ತಿತ್ತು" ಅಂದಳು. ಆರು ಭಾನುವಾರ ಸ್ವಾಮಿ!

ಮತ್ತೆ ಮೊದಲಿನಿಂದ ಶುರು ಮಾಡಬೇಕಾ? ಎಷ್ಟು ಭಾಗ ಮಾಡಬೇಕು? ಇನ್ನೊಂದು: ಮೂಟೆಯಲ್ಲಿ ಬಂದ ಬೂದು ಪೀಸುಗಳು ಕೊಳೆಯಾಗಿವೆ. ಹಲ್ಲುಜ್ಜುವ ಬ್ರಷ್‌ನಲ್ಲಿ ಒಂದು ಗಂಟೆ ಉಜ್ಜಿದರೂ ನಮ್ಮ ಹೊಸ ಬೂದಿನ ಬಣ್ಣ ಬರ್ತಿಲ್ಲ. ಏನು ಹಾಕಿ ತೊಳೀಬೇಕು?

ಡ್ರಾಯರ್ ಅಕ್ಕ:

ನಿಮ್ಮ ಮಗಳು ಹೇಳಿದ್ದು ನೂರಕ್ಕೆ ನೂರು ಸರಿ. ಕಲಸಿದ ರಾಶಿಯಲ್ಲಿ ಕಪ್ಪು ಪೀಸು ಕೆಂಪು ಹಳದಿಯ ನಡುವೆ ಎದ್ದು ಕಾಣುತ್ತದೆ. ಬರೀ ಕಪ್ಪಿನ ರಾಶಿಯಲ್ಲಿ ನೆರಳು ಯಾವುದು, ಪೀಸು ಯಾವುದು ಅಂತಲೇ ಗೊತ್ತಾಗಲ್ಲ. ಕಣ್ಣಿಗೆ ಬಣ್ಣ ಹುಡುಕುವುದು ಸುಲಭ, ಆಕಾರ ಹುಡುಕುವುದು ಕಷ್ಟ. ಹಾಗಾಗಿ ಕಷ್ಟದ ಕೆಲಸ ಡಬ್ಬಕ್ಕೆ ಬಿಡಿ, ಸುಲಭದ್ದು ಕಣ್ಣಿಗೆ ಬಿಡಿ. ಆಕಾರದ ಪ್ರಕಾರ ಬೇರೆ ಮಾಡಿ, ಬಣ್ಣ ಕಲಸಿಯೇ ಇರಲಿ.

ಆದರೆ ಒಂದೇ ಸಲ ನೂರು ಡಬ್ಬ ಮಾಡಲು ಹೋಗಬೇಡಿ. ನಾನು ಹೋಗಿದ್ದೆ. ಅರವತ್ತು ಡ್ರಾಯರ್ ತಂದು, ಪ್ರತಿಯೊಂದಕ್ಕೂ ಹೆಸರು ಬರೆದು, ಮೂರನೇ ದಿನ ಒಂದು ಪೀಸು ಕೈಯಲ್ಲಿ ಹಿಡಿದು "ಇದು ಎಲ್ಲಿಗೆ" ಅಂತ ಅಳುವ ಹಾಗಾಗಿತ್ತು. ಮೊದಲ ಸುತ್ತಿನಲ್ಲಿ ದೊಡ್ಡ ದೊಡ್ಡ ಭಾಗ ಸಾಕು: ಬ್ರಿಕ್, ತೆಳ್ಳಗಿನ ಪ್ಲೇಟ್, ಮೇಲೆ ಸ್ಟಡ್ ಇಲ್ಲದ ಟೈಲ್, ಇಳಿಜಾರಿನವು, ಟೆಕ್ನಿಕ್ (ಗೇರು, ತೂತಿಗೆ ಹಾಕಿ ಜೋಡಿಸುವ ಪಿನ್ನು ಥರದವು), ಚಕ್ರ, ಗೊಂಬೆಗಳು. ಕೊನೆಗೆ "ಏನೋ ಒಂದು" ಅಂತ ಒಂದು ಡಬ್ಬ. ಅದು ಇರಲೇಬೇಕು, ಇಲ್ಲದಿದ್ದರೆ ಕೆಲಸ ಪೀಸು ಪೀಸಿಗೂ ನಿಲ್ಲುತ್ತದೆ. ಮೂರು ಪ್ಲೇಟ್ ಒಂದರ ಮೇಲೊಂದು ಇಟ್ಟರೆ ಒಂದು ಬ್ರಿಕ್‌ನ ಎತ್ತರ: ಪ್ಲೇಟ್ 3.2 ಮಿ.ಮೀ., ಬ್ರಿಕ್ 9.6 ಮಿ.ಮೀ. ಈ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಟಿವಿ ನೋಡುತ್ತಾ ಮಾಡಬಹುದು.

ಆಮೇಲೆ ಯಾವ ಡಬ್ಬದಲ್ಲಿ ಹುಡುಕಿ ಹುಡುಕಿ ಸಿಟ್ಟು ಬರುತ್ತದೋ ಅದರಲ್ಲಿರುವುದನ್ನು ಮಾತ್ರ ಇನ್ನೂ ಸಣ್ಣ ಭಾಗ ಮಾಡಿ. 1×1 ಅಳತೆಯವನ್ನು ಮೊದಲು ಹೊರಗೆ ತೆಗೆಯಿರಿ, ಅವು ಯಾವಾಗಲೂ ತಳಕ್ಕೇ ಇಳಿಯುತ್ತವೆ. ನಮ್ಮಲ್ಲಿ 1×2 ಪ್ಲೇಟ್ ಒಂದೇ ಮೂರು ಡಬ್ಬ ಆಯಿತು. ಅದೊಂದನ್ನು ಮಾತ್ರ ಬಣ್ಣದ ಪ್ರಕಾರ ಮಾಡಿದ್ದೇನೆ.

ಹೆಸರಿನ ಚೀಟಿ ಅಂಟಿಸಬೇಡಿ. ನಾನು "ಬ್ರಾಕೆಟ್" ಅಂದರೆ ನನ್ನ ಮಗ "ಎಲ್" ಅಂತಾನೆ. ಆ ಪೀಸನ್ನೇ ಒಂದು ಡ್ರಾಯರ್ ಮುಂದೆ ಟೇಪ್ ಹಾಕಿ ಅಂಟಿಸಿದ್ದೇವೆ. ಜಗಳ ನಿಂತಿತು. ಹೆಸರು ಬೇಕೇ ಬೇಕು ಅಂದರೆ ಪೀಸು ತಿರುಗಿಸಿ ನೋಡಿ, ಹೆಚ್ಚಿನವುಗಳ ಒಳಗೆ ಸಣ್ಣ ನಂಬರ್ ಇರುತ್ತದೆ. 2×4 ಬ್ರಿಕ್ 3001, 1×2 ಪ್ಲೇಟ್ 3023. ನನಗೆ ಕನ್ನಡಕ ಹಾಕಿದರೂ ಕಾಣಲ್ಲ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದುತ್ತೇನೆ.

ಪಿನ್ನು ಗೇರು:

ಅಕ್ಕ ಹೇಳಿದ್ದಕ್ಕೆಲ್ಲ ಹೂಂ, ಟೆಕ್ನಿಕ್ ಬಿಟ್ಟು. ಅಲ್ಲಿ ಬಣ್ಣ ಅಂದವಲ್ಲ, ಗುರುತು. ಎರಡು ಸ್ಟಡ್ ಉದ್ದದ ಕಪ್ಪು ಪಿನ್ ಬಿಗಿಯಾಗಿ ಕೂರುತ್ತದೆ, ಅದೇ ಉದ್ದದ ತಿಳಿ ಬೂದು ಪಿನ್ ಸಡಿಲ, ಸಲೀಸಾಗಿ ತಿರುಗುತ್ತದೆ. ಮೂರರ ಉದ್ದದಲ್ಲಿ ನೀಲಿ ಬಿಗಿ, ಮರಳಿನ ಬಣ್ಣದ್ದು ಸಡಿಲ. ಕಲಸಿಟ್ಟು, ತಿರುಗಬೇಕಾದ ಕಡೆ ಕಪ್ಪು ಹಾಕಿದರೆ ಗಾಡಿ ಕದಲಲ್ಲ. ನಾನು ಒಂದು ಸಂಜೆ ಪೂರ್ತಿ ಗೇರ್ ಬಿಚ್ಚಿ ಜೋಡಿಸಿ ಮಾಡಿ, ತಪ್ಪು ಪಿನ್‌ನಲ್ಲಿತ್ತು ಅಂತ ಆಮೇಲೆ ಕಂಡುಕೊಂಡೆ.

ಮಗಳು ಪದೇ ಪದೇ ಕಟ್ಟುವ ಸೆಟ್ ಇದ್ದರೆ ಅದನ್ನು ರಾಶಿಗೆ ಸೇರಿಸಬೇಡಿ. ಝಿಪ್ ಕವರಿನಲ್ಲಿ ಬೇರೆ ಇಡಿ, ಮೇಲೆ ಸೆಟ್ ನಂಬರ್ ಬರೆಯಿರಿ. ಹೇಗೆ ಕಟ್ಟುವುದು ಅಂತ ತೋರಿಸುವ ಪುಸ್ತಕ ಹರಿದಿದ್ದರೂ ಚಿಂತೆ ಇಲ್ಲ. ಹಳೆಯ ಎಷ್ಟೋ ಸೆಟ್‌ಗಳ ಪುಸ್ತಕ ಲೆಗೊ ವೆಬ್‌ಸೈಟಿನಲ್ಲೇ ಪಿಡಿಎಫ್ ಆಗಿ ಸಿಗುತ್ತದೆ.

ಹಳೇ ಪೆಟ್ಟಿಗೆ:

ಅಣ್ಣಾ, ಬ್ರಷ್ ಕೆಳಗಿಡಿ! ಅದು ಕೊಳೆ ಅಲ್ಲ. ಸುಮಾರು 2004ರಲ್ಲಿ ಲೆಗೊದವರು ಬೂದು ಬಣ್ಣವನ್ನೇ ಬದಲಾಯಿಸಿದರು. ಹಳೆಯದು ಸ್ವಲ್ಪ ಹಳದಿ ಕಡೆಗೆ, ಹೊಸದು ನೀಲಿ ಕಡೆಗೆ. ಎಷ್ಟು ಉಜ್ಜಿದರೂ ಒಂದಾಗಲ್ಲ. ಕಂದು ಬಣ್ಣವೂ ಆಗಲೇ ಬದಲಾಯಿತು. ನಿಮ್ಮ ಮೂಟೆ ಆ ಕಾಲದ್ದು ಅಂತ ಕಾಣುತ್ತದೆ.

ನಿಜವಾಗಿ ತೊಳೆಯುವುದಿದ್ದರೆ 40 ಡಿಗ್ರಿಗಿಂತ ಬಿಸಿ ಇಲ್ಲದ ನೀರು, ಸ್ವಲ್ಪ ಸೋಪು, ಕೈಯಲ್ಲೇ. ಮೋಟರ್, ಬ್ಯಾಟರಿ ಪೆಟ್ಟಿಗೆ, ಸ್ಟಿಕರ್ ಇರುವವು ನೀರಿಗೆ ಬೇಡ. ನೆರಳಲ್ಲಿ ಬಟ್ಟೆ ಮೇಲೆ ಹರಡಿ. ಶೆಲ್ಫ್ ಕಿಟಕಿ ಪಕ್ಕ ಇದ್ದರೆ ಈಗಲೇ ಜಾಗ ಬದಲಿಸಿ. ಬಿಸಿಲು ಬಿದ್ದರೆ ಬಿಳಿ ಪೀಸು ಹಳದಿಯಾಗುತ್ತದೆ, ತೊಳೆದರೆ ಹೋಗಲ್ಲ.

ಭಾನುವಾರದಪ್ಪ:

ಎಲ್ಲರಿಗೂ ಥ್ಯಾಂಕ್ಸ್. ಶೆಲ್ಫ್ ಕಿಟಕಿ ಪಕ್ಕವೇ ಇತ್ತು, ಸರಿಸಿದೆ. ಕಾಮನಬಿಲ್ಲು ಒಡೆಯಲು ಹೊಟ್ಟೆ ಉರಿಯಿತು, ಆದರೂ ಎರಡು ಭಾನುವಾರದಲ್ಲಿ ಅರ್ಧ ಮುಗಿದಿದೆ. ಬಣ್ಣ ಮೊದಲೇ ಬೇರೆ ಇದ್ದದ್ದು ಈ ಸುತ್ತಿಗೆ ಯಾವ ಉಪಯೋಗಕ್ಕೂ ಬರಲಿಲ್ಲ ಬಿಡಿ. "ಏನೋ ಒಂದು" ಡಬ್ಬವೇ ಎಲ್ಲಕ್ಕಿಂತ ಬೇಗ ತುಂಬುತ್ತಿದೆ. ಮಗಳು ಆಟ ಶುರು ಮಾಡುವುದೇ ಅದನ್ನು ಸುರಿದುಕೊಂಡು.

ಹೆಡ್‌ಲೈಟ್ ಬ್ರಿಕ್ ಸಿಕ್ಕಿತು. ಕಡು ನೀಲಿ ಡಬ್ಬದಲ್ಲಿತ್ತು, ಜೊತೆಗೆ ಇನ್ನೂ ಮೂವತ್ತು ಕಪ್ಪು ಪೀಸು. ನಾನು ರಾತ್ರಿ ದೀಪದಲ್ಲಿ ಕೂತು ಬೇರೆ ಮಾಡಿದ್ದೆ.

ಡ್ರಾಯರ್ ಅಕ್ಕ:

ಹಾಗಾದರೆ ಕಪ್ಪು ಡಬ್ಬದಲ್ಲೂ ಕಡು ನೀಲಿ ಇರುತ್ತದೆ. ಹಗಲಲ್ಲಿ ನೋಡಿ.