ಕಾಫಿಗೂ ಪಾಯಸಕ್ಕೂ ಸಕ್ಕರೆ ಬದಲಿಗೆ ಸಿಹಿ ಮಾತ್ರೆ: ಎಷ್ಟರವರೆಗೆ ಸರಿ?

ಹೊಂಗೆನೆರಳು:
ಅತ್ತೆಗೆ 62 ವರ್ಷ, ತೂಕ 60 ಕೆ.ಜಿ., ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ತಗೊಳ್ತಾರೆ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಆಸ್ಪರ್ಟೇಮ್ ಮಾತ್ರೆ. ಅದನ್ನೇ ಹಾಕಿ ಶಾವಿಗೆ ಪಾಯಸ ಕುದಿಸಿದರೆ ಸಿಹಿ ನಿಲ್ಲುವುದಿಲ್ಲ, ಯಾಕೆ? ಕ್ಯಾನ್ಸರ್ ಬರುತ್ತದೆ ಅನ್ನೋ ವಾಟ್ಸಾಪ್ ಸುದ್ದಿ ಎಷ್ಟು ನಿಜ? ಇದೆಲ್ಲ ಬಿಟ್ಟು ಬೆಲ್ಲ ಕೊಡಬಹುದಾ?

ಒಗ್ಗರಣೆಸೌಟು:
ಆಸ್ಪರ್ಟೇಮ್ ಅಂದರೆ ಎರಡು ಅಮೈನೋ ಆಮ್ಲಗಳ ಬೆಸುಗೆ. ಹಾಲು ಕುದಿಯುತ್ತಾ ಹೋದಂತೆ ಬೆಸುಗೆ ಬಿಡುತ್ತದೆ, ಸಿಹಿ ಹೋಗುತ್ತದೆ. ಡಬ್ಬಿಯ ಹಿಂದೆ ಐಎನ್‌ಎಸ್ ಸಂಖ್ಯೆ (ಆಹಾರಕ್ಕೆ ಬೆರೆಸುವ ವಸ್ತುಗಳನ್ನು ಗುರುತಿಸುವ ಸಂಖ್ಯೆ) ನೋಡಿ: 951 ಇದ್ದರೆ ಆಸ್ಪರ್ಟೇಮ್, 955 ಸುಕ್ರಲೋಸ್, 960 ಸ್ಟೀವಿಯಾ. ಪಾಯಸಕ್ಕೆ 955 ತನ್ನಿ, ಕುದಿ ತಡೆಯುತ್ತದೆ. ಆದರೂ ಒಲೆಯಿಂದ ಇಳಿಸಿದ ಮೇಲೆ ಹಾಕಿ ಕಲಕುವುದೇ ವಾಸಿ.

ಓವನ್‌ಗೆ, ಕರಿಯುವ ತಿಂಡಿಗೆ ಸುಕ್ರಲೋಸ್ ಬೇಡ. 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಒಡೆದು ಬೇಡದ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದು. ಮೈಸೂರು ಪಾಕ್, ಚಿಕ್ಕಿಗಂತೂ ಆಗುವುದೇ ಇಲ್ಲ. ಪಾಕ ಎಳೆ ಬರುವುದು ಸಕ್ಕರೆಯ ಮೈಯಿಂದ. 600 ಪಟ್ಟು ಸಿಹಿ ಇರುವ ಪುಡಿ ಹಾಕುವುದೇ ಒಂದು ಚಿಟಿಕೆ, ಅದಕ್ಕೆ ಮೈ ಎಲ್ಲಿಂದ ಬರಬೇಕು!

ಸೂಕ್ಷ್ಮದರ್ಶಕ:
ಕ್ಯಾನ್ಸರ್ ಸುದ್ದಿಯ ಮೂಲ 2023ರ ಜುಲೈ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ (ಐಎಆರ್‌ಸಿ) ಆಸ್ಪರ್ಟೇಮನ್ನು 2ಬಿ ಗುಂಪಿಗೆ ಸೇರಿಸಿತು. ‘ಬರಬಹುದೇನೋ, ಪುರಾವೆ ತೆಳು’ ಎನ್ನುವ ಗುಂಪು ಅದು; ಲೋಳೆಸರದ ಇಡೀ ಎಲೆಯ ಸಾರವೂ ಅಲ್ಲೇ ಇದೆ. ಅದೇ ದಿನ ಸಂಸ್ಥೆಯ ಇನ್ನೊಂದು ಸಮಿತಿ ದಿನದ ಮಿತಿಯನ್ನು ಮೊದಲಿನಂತೆ ಕೆ.ಜಿ. ತೂಕಕ್ಕೆ 40 ಮಿ.ಗ್ರಾಂ. ಎಂದೇ ಉಳಿಸಿಕೊಂಡಿತು. ನಿಮ್ಮ ಅತ್ತೆಗೆ ಅದು 2,400 ಮಿ.ಗ್ರಾಂ. ಒಂದು ಮಾತ್ರೆಯಲ್ಲಿ ಸುಮಾರು 18 ಮಿ.ಗ್ರಾಂ. ಅಂದುಕೊಂಡರೆ, ಎಂಟು ಮಾತ್ರೆಗೆ 150 ಕೂಡ ಆಗದು. ಫಿನೈಲ್‌ಕೀಟೋನೂರಿಯ (ಆಸ್ಪರ್ಟೇಮಿನಲ್ಲಿರುವ ಒಂದು ಅಮೈನೋ ಆಮ್ಲವನ್ನು ದೇಹ ಅರಗಿಸಿಕೊಳ್ಳಲಾಗದ, ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ) ಇರುವವರು ಮಾತ್ರ ಮುಟ್ಟಲೇಬಾರದು.

ಹಾಗಂತ ಈ ಕೃತಕ ಸಿಹಿಗಳು ನೀರಿನಷ್ಟು ನಿರಪಾಯ ಅಂತಲೂ ನಾನು ಹೇಳುವುದಿಲ್ಲ. 2022ರಲ್ಲಿ ಇಸ್ರೇಲಿನಲ್ಲಿ 120 ಆರೋಗ್ಯವಂತರ ಮೇಲೆ ನಡೆದ ಪ್ರಯೋಗದಲ್ಲಿ ಸ್ಯಾಕರಿನ್, ಸುಕ್ರಲೋಸ್ ಎರಡೂ ಎರಡೇ ವಾರದಲ್ಲಿ ಗ್ಲೂಕೋಸ್ ಪ್ರತಿಕ್ರಿಯೆಯನ್ನು (ಗ್ಲೂಕೋಸ್ ಸೇವಿಸಿದಾಗ ರಕ್ತದ ಸಕ್ಕರೆಯನ್ನು ದೇಹ ಹತೋಟಿಯಲ್ಲಿಡುವ ಬಗೆಯನ್ನು) ಕೆಡಿಸಿದ್ದವು, ಕರುಳಿನ ಸೂಕ್ಷ್ಮಜೀವಿಗಳೂ ಬದಲಾಗಿದ್ದವು. ಪರಿಣಾಮ ಒಬ್ಬೊಬ್ಬರಲ್ಲಿ ಒಂದೊಂದು ಥರ. ತೂಕ ಇಳಿಸಲೆಂದು ಇವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇನಲ್ಲಿ ಹೇಳಿತು. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ ಎಂದೂ ಸೇರಿಸಿತ್ತು. ಲೋಟಕ್ಕೆ ಎರಡರ ಜಾಗದಲ್ಲಿ ಒಂದು ಹಾಕಿ ನೋಡಿ. ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ರಾಗಿತೆನೆ:
ಬೆಲ್ಲ ಬೇಡವೇ ಬೇಡ. ಅದರಲ್ಲೂ ಇರುವುದು ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ; ರಕ್ತಕ್ಕೆ ಬಣ್ಣ ಕಾಣುವುದಿಲ್ಲ.

ಪಾಯಸದಲ್ಲಿ ಸಕ್ಕರೆ ತೆಗೆದರೂ ಲೆಕ್ಕ ಸೊನ್ನೆಯಾಗುವುದಿಲ್ಲ ಅನ್ನೋದು ನೆನಪಿರಲಿ. 200 ಮಿ.ಲೀ. ಹಾಲಿನಲ್ಲಿ 9-10 ಗ್ರಾಂ ಲ್ಯಾಕ್ಟೋಸ್ (ಹಾಲಿನದೇ ಸಕ್ಕರೆ), 25 ಗ್ರಾಂ ಒಣ ಶಾವಿಗೆಯಲ್ಲಿ 18 ಗ್ರಾಂ ಮೇಲೆ ಪಿಷ್ಟ. ಸಣ್ಣ ಬಟ್ಟಲು ಸಾಕು, ಅದನ್ನು ಕುಡಿದ ಊಟದಲ್ಲಿ ಅನ್ನ ಕಡಿಮೆ ಮಾಡಿ.

ಹೊಂಗೆನೆರಳು:
ಹಾಗಾದರೆ ‘ಸಕ್ಕರೆ ಸೇರಿಸಿಲ್ಲ’ ಅಂತ ಬರೆದಿರುವ ಬಿಸ್ಕತ್ತು?

ರಾಗಿತೆನೆ:
ಮೈದಾ ಇದ್ದೇ ಇರುತ್ತದಲ್ಲ. ಜೊತೆಗೆ 965 ಅಂತಿದ್ದರೆ ಅದು ಮಾಲ್ಟಿಟಾಲ್. ಸಕ್ಕರೆಗಿಂತ ನಿಧಾನವಾಗಿ ಏರಿಸುತ್ತದೆ, ಆದರೆ ಏರಿಸುತ್ತದೆ. ನಾಲ್ಕಾರು ಒಟ್ಟಿಗೆ ತಿಂದರೆ ಹೊಟ್ಟೆ ಉಬ್ಬರ, ಭೇದಿ.

ಇನ್ನೊಂದು, ಗ್ಲಿಮೆಪಿರೈಡ್ ಅಂದಿರಿ. ಊಟ ತಡವಾದರೆ ಶುಗರ್ ಧಡಕ್ಕನೆ ಇಳಿಯಬಹುದಾದ ಮಾತ್ರೆ ಅದು. ಬೆವರು, ಕೈನಡುಕ ಬಂದು ಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿಸಿದಾಗ ಸಿಹಿ ಮಾತ್ರೆ ಹಾಕಿದ ಕಾಫಿ ಕೊಟ್ಟರೆ ಏನೂ ಪ್ರಯೋಜನವಿಲ್ಲ. ನಿಜವಾದ ಸಕ್ಕರೆಯೇ ಬೇಕು: ಮೂರು ಟೀ ಚಮಚ, ಅಂದರೆ 15 ಗ್ರಾಂ, ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯೂ ಸುಕ್ರಲೋಸ್ ಪುಡಿಯ ಡಬ್ಬಿಯೂ ಒಂದೇ ಥರ ಇದ್ದರೆ ಇವತ್ತೇ ಚೀಟಿ ಅಂಟಿಸಿ.